ಬೀದಿಯ ಕಡೆಗೊಂದು ಬಾಗಿಲು

ಫಿಲೊಮಿನಾ ಸಬಟೆಲ್ಲಿ ಹುಟ್ಟಿದ್ದು ಅಮೆರಿಕದ ಪಿಟ್ಸ್‌ಬರ್ಗಿನ ಕೆಡ್ರನ್ ಬೀದಿಯಲ್ಲಿ, ಓದಿದ್ದು ಅದೇ ಬೀದಿಯ ಚರ್ಚಿನ ಶಾಲೆಯಲ್ಲಿ, ಮದುವೆಯಾಗಿ ಹೋಗಿದ್ದು ಎದುರು ಸಾಲಿನ ಮನೆಗೆ. ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದಳು. ಕೆಲಸವೂ ಬೀದಿಯ ಕೊನೆಯಲ್ಲಿದ್ದ ಬೆಲ್‌ಮಾಂಟ್ ಸೂಪರ್‌ಮಾರ್ಕೆಟ್ಟಿನಲ್ಲೇ. ಅಲ್ಲಿ ಮೂವತ್ನಾಲ್ಕು ವರ್ಷ ಮಾಂಸದ ಕೌಂಟರಿನ ಹಿಂದೆ ನಿಂತು, ಹ್ಯಾಮನ್ನು, ಎಂದರೆ ಉಪ್ಪು ಹಾಕಿ ಹದ ಮಾಡಿದ ಹಂದಿಮಾಂಸವನ್ನು, ಅವಳಷ್ಟು ತೆಳ್ಳಗೆ ಕತ್ತರಿಸುವ ಕೈ ಇನ್ನೊಂದಿಲ್ಲ ಎನ್ನಿಸಿಕೊಂಡಿದ್ದಳು. ಈ ಊರಿನವರಿಗೆ ಹ್ಯಾಮ್ ದಪ್ಪ ಹೋಳಾದರೆ ನಡೆಯುವುದಿಲ್ಲ. ಊದಿದರೆ ಹಾರಬೇಕು, ಅಷ್ಟು ತೆಳ್ಳಗಿರಬೇಕು. ಯಾರ ಮನೆಗೆ ಎಷ್ಟು ಬೇಕು, ಯಾರಿಗೆ ಡಾಕ್ಟರು ಉಪ್ಪು ಬಿಡಿಸಿದ್ದಾರೆ, ಬಿಡಿಸಿದ ಮೇಲೂ ಯಾರು ಕದ್ದು ಒಯ್ಯುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಅರವತ್ತೊಂದು ತುಂಬಿದರೂ ಅವಳು ಕಾರಿನ ಸ್ಟೀರಿಂಗ್ ಹಿಡಿದವಳಲ್ಲ. ಹಿಡಿಯುವ ಅಗತ್ಯವೇ ಬಿದ್ದಿರಲಿಲ್ಲ. ಚರ್ಚು, ಬೇಕರಿ, ಡಾಕ್ಟರು, ಅಂಚೆ ಕಚೇರಿ, ಎಲ್ಲವೂ ನಡೆದರೆ ಸಿಗುವಷ್ಟು ಹತ್ತಿರ.

ಒಂದು ವಸಂತದಲ್ಲಿ ಸುದ್ದಿ ಬಂತು: ಬೆಲ್‌ಮಾಂಟನ್ನು ಕೆಡವುತ್ತಾರೆ. ಒಂದೇ ಅಂತಸ್ತಿನ, ಮೂರು ಕಡೆ ಸೋರುವ ಆ ಹಳೆಯ ಅಂಗಡಿ ಹೋಗಿ, ಅದರ ಮುಂದಿನ ಮೈದಾನದಷ್ಟು ಪಾರ್ಕಿಂಗ್ ಜಾಗವೂ ಹೋಗಿ, ಆರು ಅಂತಸ್ತಿನ ಕಟ್ಟಡ ಏಳುತ್ತದೆ. ನೆಲಮಟ್ಟದಲ್ಲಿ ಹೊಸ ಸೂಪರ್‌ಮಾರ್ಕೆಟ್, ಮೇಲೆ ಬಾಡಿಗೆ ಮನೆಗಳು, ಕಾರುಗಳಿಗೆ ನೆಲದಡಿಯ ಜಾಗ. ಬೀದಿಯವರು ಎರಡು ಪಂಗಡವಾದರು. ಪಾರ್ಕಿಂಗ್ ಹೋಯಿತಲ್ಲ ಎಂದು ಒಬ್ಬರು, ಬಾಡಿಗೆ ಏರುತ್ತದಲ್ಲ ಎಂದು ಇನ್ನೊಬ್ಬರು. ಎರಡೂ ಪಂಗಡದವರು ಸೇರಿ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಕರೆದರು.

ನಕ್ಷೆ ಮಾಡಿದ ಇಂಗ್ರಿಡ್ ಹಾಲ್ವರ್ಸನ್ ಎಂಬ ಹೆಂಗಸು ಮಿನ್ನಿಯಾಪೊಲಿಸ್ ಕಡೆಯವಳು, ಮೂವತ್ತು ದಾಟಿದ್ದಳೋ ಇಲ್ಲವೋ. ಬೈದವರಿಗೂ ಹೊಗಳಿದವರಿಗೂ ಒಂದೇ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದಳು. ಫಿಲೊಮಿನಾ ಹೋಗಿದ್ದು ತನ್ನ ಕೌಂಟರು ಎಲ್ಲಿ ಬರುತ್ತದೆ ಎಂದು ನೋಡಿಕೊಂಡು ಬರಲು ಮಾತ್ರ. ಗೋಡೆಗೆ ಅಂಟಿಸಿದ್ದ ನಕ್ಷೆಯಲ್ಲಿ ಕೌಂಟರು ಸಿಕ್ಕಿತು. ಹಿಗ್ಗಿದಳು, ಮೊದಲಿನದಕ್ಕಿಂತ ಎರಡು ಪಾಲು ದೊಡ್ಡದಿತ್ತು. ಆಮೇಲೆ ಬಾಗಿಲು ಹುಡುಕಿದಳು. ಬೀದಿಯ ಉದ್ದಕ್ಕೂ ಗಾಜಿನ ಗೋಡೆಯೇ. ಬಾಗಿಲು ಇದ್ದದ್ದು ಹಿಂಬದಿಯಲ್ಲಿ, ಕಾರುಗಳು ನೆಲದಡಿಗೆ ಇಳಿಯುವ ಕಡೆ.

ಸಭೆಯಲ್ಲಿ ಎಂದೂ ಬಾಯಿ ತೆರೆಯದವಳು ಕೈ ಎತ್ತಿದಳು.

“ನಡ್ಕೊಂಡ್ ಬರೋರು ಎಲ್ಲಿಂದ ಒಳಗ್ ಬರ್ಬೇಕಮ್ಮ?”

ಇಂಗ್ರಿಡ್ ಪಕ್ಕದ ಓಣಿಯನ್ನು ತೋರಿಸಿದಳು. “ಹೀಗೆ ಸುತ್ತಿ ಬಂದ್ರೆ ಆಯ್ತು. ಒಂದೂವರೆ ನಿಮಿಷ ಅಷ್ಟೇ.”

“ನಿಮ್ ಕಾಲಿಗೆ ಒಂದೂವರೆ ನಿಮಿಷ,” ಎಂದಳು ಫಿಲೊಮಿನಾ. “ಗುರುವಾರ ನಂಗೆ ರಜ. ನೀವು ಬನ್ನಿ. ನಮ್ ಸ್ತಾಶಾ ಅಜ್ಜಿ ಜೊತೆ ಒಂದ್ಸಲ ಸಾಮಾನು ತರೋಕೆ ಹೋಗೋಣ.”

ಜನ ನಕ್ಕರು. ಇಂಗ್ರಿಡ್ ನಗಲಿಲ್ಲ, ಗುರುವಾರ ಹತ್ತು ಗಂಟೆಗೆ ಸರಿಯಾಗಿ ಬಂದೇ ಬಂದಳು.

ಸ್ತಾಶಾ ಓಲ್ಶೆವ್ಸ್ಕಿಗೆ ಆಗ ಎಂಬತ್ನಾಲ್ಕು. ದೊಡ್ಡ ಕಟ್ಟಡ ಕಟ್ಟುವವರು ಬರುತ್ತಾರೆಂದು ತುಟಿಗೆ ಬಣ್ಣ ಹಚ್ಚಿ, ಎರಡು ಗಾಲಿಯ ಸಾಮಾನಿನ ಗಾಡಿ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಮನೆಯಿಂದ ಅಂಗಡಿಯ ಮೂಲೆಗೆ ಇರುವ ದಾರಿ ಹತ್ತು ನಿಮಿಷದ್ದು. ಸ್ತಾಶಾ ಜೊತೆಗೆ ಅದು ನಲವತ್ತು. ಕ್ಷೌರದಂಗಡಿಯವನಿಗೆ ಒಂದು ಮಾತು, ಬೇಕರಿಯವಳಿಗೆ ಒಂದು ಮಾತು, ಅಂಚೆಯವನನ್ನು ನಿಲ್ಲಿಸಿ ಅವನ ಮಂಡಿನೋವಿನ ವಿಚಾರಣೆ. ಮೂಲೆ ಬಂದ ಮೇಲೆ ಹೊಸ ಬಾಗಿಲು ಬರುವ ಜಾಗವನ್ನೂ ನೋಡಿಯೇ ಬಿಡೋಣ ಎಂದು ಓಣಿಯ ಏರು ಹತ್ತಿದರು. ಅರ್ಧಕ್ಕೆ ಬಂದಾಗ ಸ್ತಾಶಾ ಯಾರದೋ ಮನೆಯ ಗಿಡ್ಡ ಗೋಡೆಯ ಮೇಲೆ ಕೂತುಬಿಟ್ಟಳು.

“ನೋಡು ಮಗಳೇ, ಇಲ್ಲಿಗೆ ನನ್ ಕತೆ ಮುಗೀತು. ಹಿಮ ಬೀಳೋ ಕಾಲದಲ್ಲಿ ಇಷ್ಟೂ ಆಗಲ್ಲ. ಇಲ್ಲಿಂದ ಮುಂದಕ್ಕೆ ಹಾಲು ನೀನೇ ತಂದ್ಕೊಡ್ಬೇಕು.”

ಇಂಗ್ರಿಡ್ ಅವಳ ಪಕ್ಕದಲ್ಲೇ ಕೂತಳು. ಸ್ವಲ್ಪ ಹೊತ್ತು ಓಣಿಯ ಏರನ್ನು ನೋಡಿದಳು. ಆಮೇಲೆ ಸ್ತಾಶಾಳ ಅಡುಗೆಮನೆಯಲ್ಲಿ ಬೆಣ್ಣೆಯಲ್ಲಿ ಹುರಿದ ಪಿಯೆರೋಗಿ ಎಂಬ ಪೋಲಿಷ್ ಕಡುಬು ತಿಂದು, ಬೇಡ ಬೇಡವೆಂದರೂ ಇನ್ನೊಂದು ತಟ್ಟೆ ತಿಂದು, ಬಸ್ಸು ಹತ್ತಿದಳು.

ಮೂರು ವಾರದ ಮೇಲೆ ಹೊಸ ನಕ್ಷೆ ಬಂತು. ಬಾಗಿಲು ಬೀದಿಯ ಮೂಲೆಗೇ ಬಂದಿತ್ತು. ಒಳಗೆ ಕಿಟಕಿಯ ಕೆಳಗೆ ಕೂರಲು ಅಗಲವಾದ ಕಟ್ಟೆ. ಎರಡು ಬಾಗಿಲಾದರೆ ಕಾಯಲು ಇನ್ನೊಬ್ಬ ಆಳು ಬೇಕೆಂದು ಕಟ್ಟುವವರು ತಕರಾರು ತೆಗೆದಿದ್ದರಂತೆ. ಹಾಗಾದರೆ ಇದೊಂದೇ ಇರಲಿ, ಕಾರಿನವರು ಲಿಫ್ಟಿನಲ್ಲಿ ಇಲ್ಲಿಗೇ ಹತ್ತಿ ಬರಲಿ ಎಂದು ಇಂಗ್ರಿಡ್ ಹಟ ಹಿಡಿದಳಂತೆ. ಅಂದು ಕೌಂಟರಿಗೆ ಬಂದವರೆಲ್ಲ ಫಿಲೊಮಿನಾಳ ಕೈ ಕುಲುಕಿ ಹೋದರು. ಅವಳು ಆ ದಿನವೆಲ್ಲ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು.

ಆದರೆ ಹೊಸದು ಏಳುವವರೆಗೆ ಎರಡು ವರ್ಷ ಅಂಗಡಿಯಿಲ್ಲ. ಕೆಲಸದವರಿಗೆಲ್ಲ ಮತ್ತೆ ಕೆಲಸ ಕೊಡುವುದಾಗಿ ಬರೆದುಕೊಟ್ಟಿದ್ದರು, ಅದರ ಚಿಂತೆಯಿರಲಿಲ್ಲ. ಚಿಂತೆಯಿದ್ದದ್ದು ಕಾರಿಲ್ಲದ ಮುದುಕಿಯರದು. ಹತ್ತಿರದ ಇನ್ನೊಂದು ದೊಡ್ಡ ಅಂಗಡಿಗೆ ಎರಡು ಬಸ್ಸು ಬದಲಿಸಿ ಸೇತುವೆ ದಾಟಬೇಕು. ಚರ್ಚಿಗೊಂದು ಹನ್ನೆರಡು ಸೀಟಿನ ವ್ಯಾನಿತ್ತು, ಓಡಿಸುವವರಿರಲಿಲ್ಲ. ಯಾರು ಓಡಿಸುತ್ತೀರಿ ಎಂದು ಪಾದ್ರಿಗಳು ಕೇಳಿದಾಗ ಎಲ್ಲರೂ ಒಂದೊಂದು ನೆಪ ಹೇಳಿದರು. ಫಿಲೊಮಿನಾ ನಾನು ಓಡಿಸುತ್ತೇನೆ ಎಂದುಬಿಟ್ಟಳು. ತನಗೆ ಓಡಿಸಲು ಬರುವುದಿಲ್ಲ ಎಂಬುದು ನೆನಪಾದದ್ದು ಮನೆಗೆ ನಡೆದುಹೋಗುವಾಗ.

ಕಲಿಸಲು ಒಪ್ಪಿದವರು ಕ್ಲಾರೆನ್ಸ್ ವಿಟ್ಲೊ. ಬೀದಿಯಿರುವ ಈ ಗುಡ್ಡದ ಮೇಲೆ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು. ಮಾತು ಕಡಿಮೆ, ಆಡಿದರೆ ಕುಟುಕು ಮಾತು. ಬಾಗಿಲು ಮುಚ್ಚಿದ ಬೆಲ್‌ಮಾಂಟಿನ ಖಾಲಿ ಪಾರ್ಕಿಂಗಿನಲ್ಲಿ ಪಾಠ ಶುರುವಾಯಿತು. ಫಿಲೊಮಿನಾ ಸ್ಟೀರಿಂಗನ್ನು ಎದೆಗೆ ಅವುಚಿಕೊಂಡು ಕೂತಿದ್ದಳು.

“ಮಿಸ್ ಫಿಲ್, ಹ್ಯಾಮ್ ಕತ್ತರಿಸೋ ಮೆಷಿನ್ನೂ ಹೀಗೇ ತಬ್ಕೋತೀರಾ?”

“ಇಲ್ಲ.”

“ಮತ್ತೆ ಇದೇನ್ ಪಾಪ ಮಾಡಿದೆ? ಉಸಿರಾಡೋಕೆ ಬಿಡಿ ಅದಕ್ಕೆ.”

ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಎರಡು ಹಗುರ ಪ್ಲಾಸ್ಟಿಕ್ ಕಂಬಗಳ ನಡುವೆ ಗಾಡಿಯನ್ನು ಹಿಂದಕ್ಕೆ ತೂರಿಸಿ ನಿಲ್ಲಿಸುವುದೇ ಕಷ್ಟ. ಎರಡನೆಯ ಸಲ ಒಂದು ಕಂಬ ಹಿಂದಿನ ಬಂಪರಿಗೆ ಸಿಕ್ಕಿ ಗೇಟಿನವರೆಗೂ ಜೊತೆಗೇ ಬಂದಿತ್ತು. ಅವಳು ಅಳಲೋ ನಗಲೋ ಎಂದು ನೋಡುತ್ತಿದ್ದಾಗ, ಕಂಬಕ್ಕೂ ನಿಮ್ಮ ಜೊತೆ ಬರುವ ಆಸೆ ಎಂದರು ಕ್ಲಾರೆನ್ಸ್. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೆಯ ಸಲ ಪಾಸಾದಳು. ಸುದ್ದಿ ಅವಳಿಗಿಂತ ಮೊದಲೇ ಕೆಡ್ರನ್ ಬೀದಿಗೆ ಬಂದು, ಜನ ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ಹೊಡೆದರು. ಮೂರು ಮನೆಯವರು ಮಾತ್ರ ತಮ್ಮ ಕಾರುಗಳನ್ನು ಹಿಂದಿನ ಓಣಿಗೆ ಸಾಗಿಸಿ ಬಂದು ಆಮೇಲೆ ಚಪ್ಪಾಳೆ ಹೊಡೆದರು.

ಅಲ್ಲಿಂದ ಪ್ರತಿ ಮಂಗಳವಾರ ಹತ್ತು ಜನ ಹೆಂಗಸರನ್ನು ತುಂಬಿಕೊಂಡು ವ್ಯಾನು ಸೇತುವೆ ದಾಟುತ್ತಿತ್ತು. ಹೊಸದಾಗಿ ಕಲಿತವಳು, ಜೊತೆಗಿರಲಿ ಎಂದು ಕ್ಲಾರೆನ್ಸ್ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಮೊದಲ ತಿಂಗಳು ಆ ಮಾತು ನಿಜವೇ ಆಗಿತ್ತು. ಆಮೇಲೂ ಕೂರುವುದು ನಿಲ್ಲಲಿಲ್ಲ. ಸ್ತಾಶಾ ಆರು ತಿಂಗಳು ತಡೆದುಕೊಂಡಳು, ಆಮೇಲೆ ತಡೆಯಲಾಗಲಿಲ್ಲ.

“ಮಿಸ್ಟರ್ ವಿಟ್ಲೊ, ಅವಳಿಗೆ ಇನ್ನೂ ಬ್ರೇಕ್ ಹಾಕೋದು ಬಂದಿಲ್ವಾ?”

“ಅವ್ರಿಗೆ ಬಂದಿದೆ ಅಮ್ಮ. ನಂಗೇ ಇಳಿಯೋಕೆ ಬರ್ತಿಲ್ಲ.”

ಹಿಂದಿನ ಸೀಟುಗಳಲ್ಲಿ ನಗೆ ಸಿಡಿಯುವಷ್ಟರಲ್ಲಿ ಫಿಲೊಮಿನಾ ತಿರುವು ಬಿಟ್ಟು ಬೇರೆಯದೇ ಸೇತುವೆ ಹತ್ತಿಬಿಟ್ಟಿದ್ದಳು. ಈ ಊರಿನಲ್ಲಿ ಒಂದು ಸೇತುವೆ ತಪ್ಪಿದರೆ ಮುಗಿಯಿತು. ಎರಡು ನದಿ ದಾಟಿ ಅರ್ಧ ಊರು ಸುತ್ತಿ ಅಂಗಡಿ ಸೇರುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ದಾರಿಯುದ್ದಕ್ಕೂ ಅವಳ ಕಿವಿಗಳು ಕೆಂಪಗೇ ಇದ್ದವು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಎರಡು ವರ್ಷ ಕಳೆದು ಅಕ್ಟೋಬರಿನಲ್ಲಿ ಹೊಸ ಅಂಗಡಿ ತೆರೆಯಿತು. ಬೆಳಿಗ್ಗೆ ಆರರಿಂದಲೇ ಕೌಂಟರಿನ ಹಿಂದೆ ನಿಂತಿದ್ದ ಫಿಲೊಮಿನಾಗೆ ಬಾಗಿಲು ತೆರೆಯುವುದನ್ನು ನೋಡಲಾಗಲಿಲ್ಲ, ಗದ್ದಲದಿಂದ ತಿಳಿಯಿತು. ಮೊದಲು ಒಳಗೆ ಬಂದವಳು ಸ್ತಾಶಾ. ಸಾಮಾನು ಆಮೇಲೆ ಎಂದು ಗಾಡಿ ಬದಿಗಿಟ್ಟು, ಕಿಟಕಿಯ ಕಟ್ಟೆಯ ಮೇಲೆ ಕೂತು, ಬಂದವರನ್ನೆಲ್ಲ ತನ್ನ ಮನೆಗೆ ಬಂದವರಂತೆ ಮಾತಾಡಿಸಿದಳು. ಪಕ್ಕದಲ್ಲಿ ಇಂಗ್ರಿಡ್‌ಗೂ ಜಾಗ ಮಾಡಿದ್ದಳು. ಫಿಲೊಮಿನಾಳ ಮೊದಲ ಹೋಳು ದಪ್ಪ ಬಂತು. ಅದನ್ನು ತಾನೇ ಬಾಯಿಗೆ ಹಾಕಿಕೊಂಡಳು. ಎರಡನೆಯದು ಊದಿದರೆ ಹಾರುವಂತಿತ್ತು. ಮೇಲಿನ ಹೊಸ ಮನೆಗಳವರು ಮನೆಚಪ್ಪಲಿಯಲ್ಲೇ ಇಳಿದು ಬಂದು, ಏನು ಕೇಳಬೇಕೆಂದು ತಿಳಿಯದೆ ನಿಂತರು. ಹಳಬರು ಅವರಿಗೆ ಕೇಳುವ ಕ್ರಮ ಹೇಳಿಕೊಟ್ಟರು.

ಹನ್ನೊಂದರ ಹೊತ್ತಿಗೆ ಸರದಿಯ ಎಪ್ಪತ್ಮೂರನೆಯ ಚೀಟಿ ಹಿಡಿದು ಕ್ಲಾರೆನ್ಸ್ ಮುಂದೆ ಬಂದರು. ಸೂಟು ಹಾಕಿದ್ದರು. ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತಿದ್ದರು.

“ಅರ್ಧ ಪೌಂಡ್ ಹ್ಯಾಮ್, ಮಿಸ್ ಫಿಲ್. ಇನ್ಮೇಲೆ ಮಂಗಳವಾರ ವ್ಯಾನ್ ಇಲ್ವಲ್ಲ, ನಾನೇನ್ ಮಾಡ್ಲಿ?”

“ಮನೇಲಿ ಕೂತ್ಕೊಳ್ಳಿ.”

“ಯಾರ್ ಮನೇಲಿ ಅಂತ ಕೇಳೋಕೇ ಬಂದಿದ್ದು. ನಿಮ್ ಮನೇಲೋ, ನಮ್ ಮನೇಲೋ? ಮದುವೆ ಆದ್ಮೇಲೆ ಅಂತ.”

“ಹಿಂದೆ ಜನ ನಿಂತಿದ್ದಾರೆ ಕ್ಲಾರೆನ್ಸ್.”

“ಅವ್ರೂ ಕೇಳಿಸ್ಕೊಳ್ಳಲಿ ಅಂತಲೇ ಚೀಟಿ ತಗೊಂಡು ಬಂದೆ.”

ಮೂವತ್ನಾಲ್ಕು ವರ್ಷ ಯಾರ ಮುಂದೆಯೂ ಕೈ ನಿಲ್ಲಿಸದವಳು ಮೆಷಿನ್ನು ಆರಿಸಿದಳು. ಹ್ಯಾಮನ್ನು ಕಾಗದದಲ್ಲಿ ಸುತ್ತಿ, ಮೇಲೆ ಪೆನ್ಸಿಲಿನಿಂದ ಏನೋ ಗೀಚಿ ಕೊಟ್ಟಳು. ಕ್ಲಾರೆನ್ಸ್ ಓದಿದರು. ಪಕ್ಕದವನಿಗೆ ತೋರಿಸಿದರು. ಅವನು ಇನ್ನೊಬ್ಬನಿಗೆ. ಪೊಟ್ಟಣ ಕೈಯಿಂದ ಕೈಗೆ ಸಾಗಿ ಕಿಟಕಿಯ ಕಟ್ಟೆ ತಲುಪಿದಾಗ ಸ್ತಾಶಾ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: “ನಮ್ಮ ಮನೇಲಿ.”

ಮದುವೆ ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ. ಈ ಊರಿನ ಮದುವೆಯಲ್ಲಿ ಕೇಕು ಹೆಸರಿಗಷ್ಟೆ, ಮರ್ಯಾದೆಯೆಲ್ಲ ಮನೆಮನೆಯಿಂದ ಮಾಡಿ ತರುವ ಕುಕಿ ಬಿಸ್ಕತ್ತುಗಳ ಮೇಜಿನದು. ಇಡೀ ಬೀದಿ ಒಂದು ವಾರ ಒಲೆ ಆರಿಸಲಿಲ್ಲ. ಸ್ತಾಶಾ ಜಾಮ್ ತುಂಬಿದ್ದನ್ನು ಮಾಡಿದಳು. ಕ್ಲಾರೆನ್ಸರ ತಂಗಿ ಪೆಕಾನ್ ಬೀಜದ್ದನ್ನು ಬುಟ್ಟಿಗಟ್ಟಲೆ ತಂದಳು. ಇಟಲಿಯ ಅಬ್ರುಜ್ಜೊ ಕಡೆಯ ಹೆಂಗಸರು ಕಬ್ಬಿಣದ ಅಚ್ಚಿನಲ್ಲಿ ಪಿಟ್ಸೆಲ್ಲೆ ಎಂಬ ತೆಳು ಬಿಸ್ಕತ್ತು ಒತ್ತಿದರು. ಇಂಗ್ರಿಡ್ ತನ್ನ ಅಜ್ಜಿಯ ಕಡೆಯ ಸುರುಳಿ ಬಿಸ್ಕತ್ತು ಮಾಡಿ ತಂದಿದ್ದಳು, ದಾರಿಯಲ್ಲಿ ಅರ್ಧ ಪುಡಿಯಾಗಿತ್ತು. ನಾಚಿಕೊಂಡು ಹಿಂದೆ ಇಡಹೋದಳು. ಸ್ತಾಶಾ ಅದನ್ನು ಎತ್ತಿ ಮೇಜಿನ ನಡುಮಧ್ಯಕ್ಕೆ ಇಟ್ಟು, ಪುಡಿಯನ್ನು ಚಮಚೆಯಲ್ಲಿ ತಿನ್ನುವುದು ಹೇಗೆಂದು ಎಲ್ಲರಿಗೂ ತೋರಿಸಿದಳು.

ಕುಣಿದರು, ಹಾಡಿದರು, ಮದುಮಗಳು ಎರಡು ಸಲ ಅತ್ತಳು, ಎರಡು ಸಲವೂ ನಗುತ್ತಲೇ. ಸಂಜೆ ಹಿಮ ಉದುರತೊಡಗಿದಾಗ ಒಬ್ಬೊಬ್ಬರ ಕೈಗೂ ಕುಕಿಗಳ ಡಬ್ಬಿ ಕೊಟ್ಟು ಕಳಿಸಿದರು. ಮದುಮಕ್ಕಳೂ ಎಲ್ಲರ ಜೊತೆ ಬೀದಿಯಲ್ಲೇ ನಡೆದು ಹೊರಟರು, ಮಧ್ಯೆ ಮಧ್ಯೆ ನಿಂತು, ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ಎತ್ತಿಕೊಂಡು ತಿನ್ನುತ್ತ.