ನಂದಾಳ ಗೋಡೆಯ ಉಪ್ಪುನೀರು

ವಿಜಯಪುರದ ಗಾಂಧಿ ಚೌಕದಿಂದ ಒಳಗೆ ಸರಿಯುವ ನಮ್ಮ ಓಣಿಯಲ್ಲಿ ಗಾಜಿನ ಅಂಗಡಿ ಇರುವುದು ಒಂದೇ. ಬೋರ್ಡಿನ ಮೇಲೆ ಈಗಲೂ ಶಂಕ್ರೆಪ್ಪನವರ ಹೆಸರಿದೆ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಗಲ್ಲಾದ ಮುಂದೆ ಕೂರುವವನು ಅವರ ಮಗ ಸಂಗನಬಸವ, ಎಲ್ಲರ ಬಾಯಲ್ಲಿ ಸಂಗು. ಗಾಜು ಕೊಯ್ಯುವವಳು ಸೊಸೆ ನಂದಾ.

ನಂದಾ ತಿಕೋಟಾ ಕಡೆಯ ಕಳ್ಳಕವಟಗಿಯವಳು, ರೈತರ ಮನೆಯ ಮಗಳು. ಮದುವೆಯಾಗಿ ಬಂದ ಹೊಸದರಲ್ಲಿ ಮಾವನಿಗೆ ಬುತ್ತಿ ತಂದುಕೊಟ್ಟು, ಅವರು ಉಣ್ಣುವವರೆಗೆ ಅಂಗಡಿ ಕಾಯುತ್ತ ನಿಲ್ಲುತ್ತಿದ್ದಳು. ಕಟರು ಗಾಜಿನ ಮೇಲೆ ಚರ್ರೆಂದು ಓಡುವ ಸದ್ದು ಅವಳಿಗೆ ಹಿಡಿಸಿಬಿಟ್ಟಿತು. ಸೊಸೆ ಕಣ್ಣು ಕೀಲಿಸಿ ನೋಡುವುದನ್ನು ಶಂಕ್ರೆಪ್ಪನವರು ಗಮನಿಸಿದರು. ಒಂದು ದಿನ ಕೈ ತೊಳೆದು ಬಂದವರೇ ರದ್ದಿ ಗಾಜಿನ ತುಂಡೊಂದನ್ನು ಅವಳ ಮುಂದಿಟ್ಟರು.

"ಗೆರಿ ಒಮ್ಮೆ ಎಳಿಬೇಕವ್ವಾ. ಅಂಜಿ ಎರಡನೇ ಸಲ ಎಳದ್ರ ಗಾಜ ಕೆಡ್ತೈತಿ."

ಅವಳು ಎಳೆದಳು. ತುಂಡು ನೇರವಾಗಿ ಬೇರ್ಪಟ್ಟಿತು. ಮೊದಮೊದಲು ಗಿರಾಕಿಗಳು ಬಾಗಿಲಲ್ಲಿ ನಿಂತು "ಗಂಡಸರು ಯಾರೂ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. ಹೋಗಹೋಗುತ್ತ "ನಂದವ್ವಾರು ಇದ್ದಾರೇನ್ರಿ?" ಎಂದು ಕೇಳತೊಡಗಿದರು. ಊರ ತುಂಬ ಎಷ್ಟೋ ಮನೆಗಳ ಗೋಡೆಯಲ್ಲಿ ಅವಳು ಕೊಯ್ದ ಕನ್ನಡಿಗಳಿವೆ.

ಕೆಲವು ವರ್ಷಗಳ ಹಿಂದೆ ಗಂಡ ಹೆಂಡತಿ ಗೋವಾಕ್ಕೆ ಹೋಗಿದ್ದರು. ಅಲ್ಲೊಂದು ಖಾನಾವಳಿಯ ಗೋಡೆಗೆ ಉಪ್ಪುನೀರಿನ ಮೀನಿನ ತೊಟ್ಟಿ ಕೂರಿಸಿದ್ದರು. ನೆಲದಲ್ಲಿ ಕಾಲಿಲ್ಲ, ಕೆಳಗೆ ಮೇಜಿಲ್ಲ. ಗೋಡೆಯೇ ನೀರು ಹಿಡಿದು ನಿಂತಂತೆ ಕಾಣುತ್ತಿತ್ತು. ಎಲ್ಲರೂ ಬಣ್ಣದ ಮೀನು ನೋಡುತ್ತಿದ್ದರೆ ನಂದಾ ಹತ್ತಿರ ಹೋಗಿ ನೋಡಿದ್ದು ಗಾಜಿನ ಮೂಲೆಗಳನ್ನು. ಮೀನಿನ ಕಡೆ ಕಣ್ಣು ಹೋದದ್ದು ಆಮೇಲೆ. ಕಿತ್ತಳೆ ಮೈ, ಬಿಳಿ ಪಟ್ಟಿ, ಬೆರಳುದ್ದದ ಎರಡು ಜೀವ. ಸಂಗು ಊಟ ಆರುತ್ತದೆಂದು ಕರೆದ. ಅವಳು ಬರಲಿಲ್ಲ.

ಊರಿಗೆ ಬಂದ ಮೇಲೆ ಹೇಳಿದಳು, "ಹಂಥಾದ್ದು ನಮ್ಮ ಮನ್ಯಾಗ ಮಾಡ್ತೇನಿ."

"ಇಲ್ಲೆ? ಸಮುದ್ರ ಎಲ್ಲೈತಿ, ವಿಜಯಪುರ ಎಲ್ಲೈತಿ," ಎಂದು ಸಂಗು ನಕ್ಕ.

"ಇಷ್ಟ ವರ್ಷ ಮಂದಿ ಗೋಡಿಗೆ ಅವರಿಗೆ ಬೇಕಾದ್ದು ಹಾಕೇನಿ. ನನ್ನ ಗೋಡಿಗೆ ನನಗ ಬೇಕಾದ್ದು ಹಾಕ್ಕೋತೇನ್ರಿ."

ಸಂಗು ಒಪ್ಪಿದ. ತೊಡಕಾದದ್ದು ಅತ್ತೆ ರೇಣುಕವ್ವನಿಂದ. ಆಕೆ ಸ್ನಾನ, ಲಿಂಗಪೂಜೆ ಆಗದೆ ಚಹಾ ಸಹ ಮುಟ್ಟದವಳು.

"ಲಿಂಗವಂತರ ಮನ್ಯಾಗ ಮೀನಾ? ಏನ ಹೇಳಾಕತ್ತಿ ನೀ?"

"ತಿನ್ನಾಕಲ್ರಿ ಅತ್ತಿ, ನೋಡಾಕ."

"ನೋಡಾಕ ಆಕಾಶದಾಗ ಹಕ್ಕಿ ಅದಾವಲ್ಲ."

ದಿನಗಟ್ಟಲೆ ಹೀಗೇ ನಡೆದು, ಕೊನೆಗೆ ದೇವರ ಜಗಲಿಯ ಕಡೆಗೆ ಮುಖ ಮಾಡಬಾರದು ಎಂಬ ಮಾತಿನ ಮೇಲೆ ಪಡಸಾಲೆಯ ಉತ್ತರದ ಗೋಡೆ ಸಿಕ್ಕಿತು. ಅದರ ಕೆಳಗೇ ರೇಣುಕವ್ವನ ಮಂಚ. ಮಂಚ ಸರಿಸಲು ಆಕೆ ಒಪ್ಪಲಿಲ್ಲ.

ಗೋಡೆ ಹಳೆಯ ಕಲ್ಲಿನದು, ನಡುವೆ ಮಣ್ಣು. ವೆಲ್ಡಿಂಗ್ ಕೆಲಸದ ಅಮೀನಸಾಬ ಬಂದು ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟು ಕೇಳಿದ.

"ಅಕ್ಕಾರ, ನೀರು, ಗಾಜು, ಕಲ್ಲು ಎಲ್ಲಾ ಕೂಡಿದ್ರ ಎರಡು ಜೋಳದ ಚೀಲದ ವಜ್ಜಿ ಆಗ್ತೈತಿ. ಬರೇ ಮೊಳಿ ಹೊಡದ್ರ ಮಣ್ಣು ಬಿಡ್ತೈತ್ರಿ. ಗೋಡಿ ಆರಪಾರ ಬೋಲ್ಟ್ ಹಾಕಿ, ಆಚಿಗೂ ಕಬ್ಬಿಣದ ಪಟ್ಟಿ ಕೊಡೂಣು."

ಇಬ್ಬರೂ ಕೂತು ಅದನ್ನು ಲೆಕ್ಕ ಹಾಕಿದರು. ಚೌಕಟ್ಟು ಅವನದು, ಗಾಜು ಅವಳದು. ಉಪ್ಪು ಕಬ್ಬಿಣವನ್ನು ತಿನ್ನುತ್ತದೆಂದು ಚೌಕಟ್ಟಿಗೆ ಬಣ್ಣದ ಮೇಲೆ ಬಣ್ಣ ಬಳಿದರು. ಮಾಮೂಲಿ ಕಿಟಕಿಯ ಗಾಜು ನೀರಿನ ಒತ್ತಡಕ್ಕೆ ಹೊಟ್ಟೆ ಉಬ್ಬಿಸುತ್ತದೆ. ಅದಕ್ಕೆ ನಂದಾ ದಪ್ಪ ಗಾಜು ತರಿಸಿ, ಅಂಚು ನುಣುಪಾಗಿ ತಿಕ್ಕಿ, ಮೀನಿಗೆ ತೊಂದರೆ ಕೊಡದ ಸಿಲಿಕೋನ್ ಅಂಟಿನಿಂದ ಮೂಲೆ ಕೂಡಿಸಿದಳು. ಒಣಗಿದ ಮೇಲೆ ತೊಟ್ಟಿಯನ್ನು ಹಿತ್ತಿಲಲ್ಲಿಟ್ಟು ಸಾದಾ ನೀರು ತುಂಬಿದರು. ಮರುದಿನ ಬೆಳಿಗ್ಗೆ ನೋಡಿದರೆ ಕೆಳಗಿನ ಫರ್ಸಿ ಕಲ್ಲು ತೊಯ್ದಿತ್ತು.

"ಬಿಡು, ತಯಾರ ಇದ್ದದ್ದ ತರೂಣು," ಎಂದ ಸಂಗು.

ನಂದಾ ತೊಯ್ದ ಮೂಲೆಯನ್ನೇ ದಿಟ್ಟಿಸುತ್ತ ನಿಂತಿದ್ದಳು. ಹತ್ತು ಮಂದಿಗೆ ಗಾಜು ಕೂಡಿಸಿಕೊಟ್ಟ ಕೈ ತನ್ನ ಮನೆಯಲ್ಲೇ ಸೋತದ್ದು ಅವಳಿಗೆ ಚುಚ್ಚಿತ್ತು.

"ನನ್ನ ಕೈಯಾಗ ಸೋರೈತಿ. ನನ್ನ ಕೈಯಾಗನ ನಿಲ್ಲಬೇಕು."

ಸೋರಿದ ಒಂದು ಮೂಲೆಗೆ ತೇಪೆ ಹಾಕಲಿಲ್ಲ. ಬ್ಲೇಡು ಹಿಡಿದು ಎಲ್ಲ ಕೂಡುಗಳನ್ನೂ ಬಿಡಿಸಿ, ಹಳೆಯ ಸಿಲಿಕೋನು ಪೂರಾ ಕೆರೆದು, ಸ್ಪಿರಿಟ್ಟಿನಿಂದ ಒರೆಸಿ ಮೊದಲಿಂದ ಕೂಡಿಸಿದಳು. ಈ ಸಲ ಅವಸರ ಮಾಡದೆ ಒಣಗಲು ಬಿಟ್ಟಳು. ಮತ್ತೆ ನೀರು ತುಂಬಿ ವಾರವೆಲ್ಲ ಬಿಟ್ಟರೂ ಫರ್ಸಿಯ ಮೇಲೆ ಹನಿ ಕಾಣಲಿಲ್ಲ. ಅಮೀನಸಾಬ, ಸಂಗು, ಪಕ್ಕದ ಮನೆಯ ಗಂಡಸರು ಸೇರಿ ಖಾಲಿ ಮಾಡಿದ ತೊಟ್ಟಿಯನ್ನೆತ್ತಿ ಗೋಡೆಯ ಚೌಕಟ್ಟಿನಲ್ಲಿ ಕೂರಿಸುವಾಗ ನಂದಾ ಮೂಲೆಗಳ ಮೇಲೆಯೇ ಕಣ್ಣಿಟ್ಟಿದ್ದಳು. ರೇಣುಕವ್ವ ಅಷ್ಟು ಹೊತ್ತು ಮಂಚ ಬಿಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಳು.

ಇನ್ನು ನೀರು. ನಲ್ಲಿಯದು ನಡೆಯದು, ಶುದ್ಧ ನೀರಿಗೆ ಸಮುದ್ರದ ಲವಣಗಳನ್ನೆಲ್ಲ ಬೆರೆಸಿದ ಪುಡಿಯನ್ನು ಕರಗಿಸಬೇಕು. ನಂದಾ ಬಕೆಟ್ಟಿನಲ್ಲಿ ಪುಡಿ ಕದಡುತ್ತಿದ್ದಾಗಲೇ ಕಳ್ಳಕವಟಗಿಯಿಂದ ಅವಳ ತಂದೆ ಸಿದ್ದರಾಯ ದ್ರಾಕ್ಷಿಯ ಬುಟ್ಟಿ ಹೊತ್ತು ಬಂದ. ಬೆರಳದ್ದಿ ನಾಲಿಗೆಗಿಟ್ಟು ಮುಖ ಕಿವುಚಿದ.

"ಬೋರಿನಾಗ ಸವಳ ನೀರು ಬಿದ್ರ ನಾವು ತಲಿ ಮ್ಯಾಲ ಕೈ ಇಟ್ಕೊಂಡು ಕುಂದ್ರತೇವಿ. ನೀ ನೋಡಿದ್ರ ಛಲೋ ನೀರಿಗಿ ಉಪ್ಪ ಹಾಕಿ ಸವಳ ಮಾಡಾಕತ್ತಿ!"

"ನೀ ದ್ರಾಕ್ಷಿ ಬೆಳ್ಯಾಂವ ಯಪ್ಪಾ, ನಿನಗ ಸಿಹಿ ನೀರು ಬೇಕು. ನನ್ನ ಬೆಳಿಗಿ ಇದ ಬೇಕು."

ಸಿದ್ದರಾಯ ಬಿದ್ದುಬಿದ್ದು ನಕ್ಕ. ಆಮೇಲೆ ತಾನೇ ಕೋಲು ತೆಗೆದುಕೊಂಡು ಬಕೆಟ್ಟು ಕದಡಿದ.

ತೊಟ್ಟಿ ತುಂಬಿತು, ಸಮುದ್ರದ ಕಲ್ಲುಗಳು ಕೂತವು, ನೀಲಿ ದೀಪ ಹತ್ತಿತು. ಮೀನು ಮಾತ್ರ ಬರಲಿಲ್ಲ. ಮೀನಿನ ಹೊಲಸನ್ನು ಕರಗಿಸುವ ಕಣ್ಣಿಗೆ ಕಾಣದ ಜೀವಿಗಳು ಮೊದಲು ಆ ಕಲ್ಲುಗಳಲ್ಲಿ ನೆಲೆಸಬೇಕು, ಇಲ್ಲದಿದ್ದರೆ ಮೀನು ತನ್ನ ಹೊಲಸಿಗೇ ಸಾಯುತ್ತದೆ ಎಂದು ನಂದಾ ಫೋನಿನಲ್ಲಿ ಓದಿ, ತಿಳಿದವರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಓಣಿಯ ಮಂದಿಗೆ ಅದೆಲ್ಲ ಯಾಕೆ? ಬಂದವರು ಬಂದಂತೆ ನೋಡಿ ನಕ್ಕರು. ಎದುರುಮನೆಯ ದುಂಡವ್ವ ಸೊಂಟದ ಮೇಲೆ ಕೈಯಿಟ್ಟು ಕೇಳಿಯೇ ಬಿಟ್ಟಳು.

"ಏ ನಂದಾ, ಬರೇ ಉಪ್ಪನೀರ ತೋರಸಾಕ ಕರದೀಯೇನ?"

ನಂದಾ ಚಹಾ ಕೊಟ್ಟು ಕಳಿಸಿದಳು. ಕಲ್ಲಿನ ಮೇಲೆ ಕಂದು ಪಾಚಿ ಹಬ್ಬಿದಾಗ ದುಂಡವ್ವ ಹೊಲಸು ಎಂದಳು. ನೀರು ಹದಕ್ಕೆ ಬರುತ್ತಿದೆ ಎಂದು ನಂದಾ ಮಾತ್ರ ಹಿಗ್ಗಿದಳು. ಗಾಜಿನ ನಳಿಕೆಯಲ್ಲಿ ನೀರು ತೆಗೆದು, ಔಷಧದ ಹನಿ ಬಿಟ್ಟು, ವಿಷ ಉಳಿದಿದೆಯೇ ಎಂದು ಬಣ್ಣ ನೋಡುವುದು ಅವಳ ದಿನದ ಪಾಠವಾಯಿತು. ವಿಷದ ಬಣ್ಣ ಪೂರ್ತಿ ಹೋದ ಮೇಲೆಯೇ ಪುಣೆಯ ಬಸ್ಸಿನಲ್ಲಿ, ಪ್ರಾಣವಾಯು ತುಂಬಿದ ಚೀಲಗಳಲ್ಲಿ, ಎರಡು ಕಿತ್ತಳೆ ಮೀನು ಮತ್ತು ಒಂದು ಸಿಗಡಿ ಬಂದಿಳಿದವು. ಚೀಲವನ್ನು ತೊಟ್ಟಿಯಲ್ಲಿ ತೇಲಬಿಟ್ಟು, ಸಣ್ಣ ಕೊಳವೆಯಿಂದ ಹನಿಹನಿಯಾಗಿ ಹೊಸ ನೀರಿನ ರೂಢಿ ಮಾಡಿಸಿ, ಕೊನೆಗೆ ಬಿಟ್ಟಳು. ಮೀನುಗಳು ಒಂದು ಸುತ್ತು ಹಾಕಿ ಕಲ್ಲಿನ ಪೊಟರೆಯನ್ನು ತಮ್ಮದಾಗಿಸಿಕೊಂಡವು. ರೇಣುಕವ್ವ ಮಂಚದ ಮೇಲೆ ಮಗ್ಗಲು ಬದಲಿಸಿ ಗೋಡೆಗೆ ಬೆನ್ನು ಮಾಡಿದಳು.

ನಿಜವಾದ ಪರೀಕ್ಷೆ ಬಂದದ್ದು ಬೇಸಿಗೆಯಲ್ಲಿ. ವಿಜಯಪುರದ ಮೇ ತಿಂಗಳ ಬಿಸಿಲು ಗೊತ್ತೇ ಇದೆ. ಒಂದು ಬೆಳಿಗ್ಗೆ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ಸಂಗು ಸೊಲ್ಲಾಪುರಕ್ಕೆ ಗಾಜು ತರಲು ಹೋಗಿದ್ದ. ಬ್ಯಾಟರಿಯ ಪಂಪು ನೀರಿಗೆ ಗಾಳಿ ಊದುತ್ತಿತ್ತು ನಿಜ, ಆದರೆ ತಂಪು ಮಾಡುವ ಫ್ಯಾನು ನಿಂತಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಕಾಯತೊಡಗಿ, ಮೀನುಗಳು ಮೇಲೆ ಬಂದು ಕಿವಿರು ಪಟಪಟ ಬಡಿಯುತ್ತಿದ್ದವು. ನಂದಾ ಮುಚ್ಚಳ ತೆಗೆದು ಸ್ಟೂಲು ಹತ್ತಿ ರಟ್ಟಿನಿಂದ ನೀರಿನ ಮೇಲೆ ಗಾಳಿ ಹಾಕತೊಡಗಿದಳು. ಮೇಲಿನ ನೀರು ಆವಿಯಾದಷ್ಟೂ ಉಳಿದದ್ದು ತಂಪಾಗುತ್ತದೆ. ಆದರೆ ಒಂದು ಕೈಯಿಂದ ಎಷ್ಟು ಹೊತ್ತು? ಬರ್ಫದ ಗಡ್ಡೆ ಬೇಕಿತ್ತು, ತರಲು ಮನೆಯಲ್ಲಿ ಯಾರೂ ಇರಲಿಲ್ಲ.

"ಇತ್ತ ಕೊಡು," ಎಂಬ ದನಿ ಕೇಳಿ ಅವಳು ತಿರುಗಿದಳು. ಮೊಣಕಾಲು ನೋವಿನ ರೇಣುಕವ್ವ ಗೋಡೆ ಹಿಡಿದು ಮಂಚದ ಮೇಲೆ ಎದ್ದು ನಿಂತಿದ್ದಳು. ಕೈಯಲ್ಲಿ ತನ್ನ ಬೀಸಣಿಕೆ.

"ಅತ್ತಿ, ಬಿದ್ದೀರಿ!"

"ನಾ ಬೀಳೂದಿಲ್ಲ. ನೀ ಚೌಕಕ್ಕ ಹೋಗಿ ಬರ್ಫ ತಗೊಂಡು ಬಾ, ಓಡು. ಬಾಯಿ ಬಿಡಾಕತ್ತಾವು ನೋಡು, ಪಾಪ."

ನಂದಾ ಓಡಿದಳು. ತಂದ ಬರ್ಫವನ್ನು ನೀರಿಗೆ ನೇರ ಹಾಕದೆ, ಬಾಟಲಿಗಳಲ್ಲಿ ತುಂಬಿ ಬಿಗಿಯಾಗಿ ಮುಚ್ಚಿ, ಒಂದೊಂದೇ ತೇಲಿಬಿಟ್ಟಳು. ಒಮ್ಮೆಲೇ ತಂಪಾದರೂ ಅವು ತಡೆಯವು. ಸುದ್ದಿ ಕೇಳಿ ದುಂಡವ್ವ ಬಂದಳು. ನಗಲಿಲ್ಲ, ಸೆರಗು ಸಿಕ್ಕಿಸಿ, ರೇಣುಕವ್ವನನ್ನು ಕೂರಿಸಿ, ಬೀಸಣಿಕೆ ತಾನು ತೆಗೆದುಕೊಂಡಳು. ಮೂವರೂ ಸರದಿಯಲ್ಲಿ ಗಾಳಿ ಹಾಕಿದರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಕರೆಂಟು ಬಂತು. ಸಿಗಡಿ ಉಳಿಯಲಿಲ್ಲ. ಮೀನುಗಳೆರಡೂ ಪೊಟರೆಗೆ ಮರಳಿದವು. ನಂದಾ ನೆಲದ ಮೇಲೆ ಕೂತು ಅತ್ತುಬಿಟ್ಟಳು.

"ಅಳ್ತೀ ಯಾಕ?" ಎಂದಳು ರೇಣುಕವ್ವ, ಮೊಣಕಾಲು ತಿಕ್ಕಿಕೊಳ್ಳುತ್ತ. "ಕಟ್ಟಿದಾಕಿ ನೀ. ಉಳಿಸಿದಾಕಿನೂ ನೀ. ಎದ್ದು ಮಾರಿ ತೊಳಿ."

ಅಂದಿನಿಂದ ರೇಣುಕವ್ವನ ಮಂಚದ ತಲೆದಿಂಬು ಇನ್ನೊಂದು ತುದಿಗೆ ಬಂತು. ಅಲ್ಲಿಂದ ತೊಟ್ಟಿ ಪೂರಾ ಕಾಣುತ್ತದೆ. ನೆಂಟರು ಬಂದರೆ ನಂದಾ ಬಾಯಿ ತೆರೆಯುವ ಮೊದಲೇ ಆಕೆ ಶುರು ಮಾಡುತ್ತಾಳೆ: ಗೋಡೆಯ ಆರಪಾರ ಹೋದ ಬೋಲ್ಟು, ಬಿಡಿಸಿ ಮತ್ತೆ ಕೂಡಿಸಿದ ಮೂಲೆಗಳು, ನೀರು ಆವಿಯಾಗಿ ಇಳಿದಾಗ ಸಾದಾ ನೀರನ್ನೇ ಹಾಕಬೇಕು, ಉಪ್ಪುನೀರಲ್ಲ ಎಂಬ ಸೂಕ್ಷ್ಮ. "ನಮ್ಮ ಸೊಸಿ ಮಾಡ್ಯಾಳ," ಎನ್ನುವಾಗ ಆಕೆಯ ಕತ್ತು ನೆಟ್ಟಗಾಗುತ್ತದೆ.

ಸುದ್ದಿ ಓಣಿ ದಾಟಿತು. ಬಬಲೇಶ್ವರದ ಡಾಕ್ಟರೊಬ್ಬರು ನೋಡಿಕೊಂಡು ಹೋಗಿ, ತಮ್ಮ ದವಾಖಾನೆಯಲ್ಲಿ ರೋಗಿಗಳು ಕಾಯುವ ಕೋಣೆಯ ಗೋಡೆಗೆ ಇಂಥದ್ದೇ ಒಂದು ಬೇಕೆಂದರು. ಹೋದ ಚಳಿಗಾಲದಲ್ಲಿ ಟೆಂಪೋದಲ್ಲಿ ಗಾಜು ಹೇರಿಕೊಂಡು ನಂದಾ, ಸಂಗು, ಅಮೀನಸಾಬ ಹೊರಟರು. ತೊಟ್ಟಿ ಗೋಡೆಗೇರಿ ನೀರು ತುಂಬುವಾಗ ಕೋಣೆಯಲ್ಲಿ ಕೂತ ಮಂದಿಯೆಲ್ಲ ಎದ್ದು ಬಂದು ಸುತ್ತ ನಿಂತರು. ರುಮಾಲು ಸುತ್ತಿದ ಹಿರಿಯರೊಬ್ಬರು ಸಂಗುವಿನ ಭುಜ ತಟ್ಟಿದರು.

"ಭಾರಿ ಮಾಡೀರಿ ನೋಡ್ರಿ!"

"ನಾ ಎತ್ತಾಕ ಬಂದೇನ್ರೀ ಯಜಮಾನ್ರ," ಎಂದ ಸಂಗು, ಎಲ್ಲರಿಗೂ ಕೇಳುವಂತೆ. "ಮಾಡಿದಾಕಿ ಅಕಿ. ನನ್ನ ಹೆಂಡ್ತಿ."

ಎಲ್ಲರ ಮುಖಗಳೂ ಸ್ಟೂಲಿನ ಮೇಲೆ ನಿಂತಿದ್ದ ನಂದಾಳತ್ತ ತಿರುಗಿದವು. ಅವಳ ಕೆನ್ನೆ ಕೆಂಪಾಯಿತು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಆ ಹಿರಿಯರಿಗೆ ನಮಸ್ಕಾರ ಮಾಡಿ, ಇನ್ನೊಂದು ಬಕೆಟ್ಟು ನೀರು ಕೊಡಲು ಹೇಳಿದಳು.