ಲ್ಯಾಪ್‌ಟಾಪು ತೋರಿಸಿದ ಹಳದಿ

ನನ್ನದು ಹುಟ್ಟಾ ಅನುಮಾನದ ಸ್ವಭಾವ. ಹಾಲಿನವನ ಅಳತೆಯಿಂದ ಹಿಡಿದು ಹೆಂಡತಿಯ ಮೌನದವರೆಗೆ ಯಾವುದನ್ನೂ ಸುಮ್ಮನೆ ನಂಬಿದವನಲ್ಲ. ಇಂಥ ನಾನು ಲ್ಯಾಪ್‌ಟಾಪೊಂದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದೆ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ.

ಚನ್ನಪಟ್ಟಣದಲ್ಲಿ ನಮ್ಮದೊಂದು ಸಣ್ಣ ಗೊಂಬೆ ಕಾರ್ಖಾನೆ. ಅರಗಿಗೆ ಬಣ್ಣ ಬೆರೆಸುವವರು ಅಪ್ಪನ ಕಾಲದಿಂದಲೂ ಇರುವ ಕರೀಂ ಚಾಚಾ. ಬಣ್ಣ ಸರಿಯಾಗಿದೆಯೇ ಎಂದು ನಮ್ಮಲ್ಲಿ ಯಾರೂ ಬಲ್ಬಿನ ಕೆಳಗೆ ತೀರ್ಪು ಕೊಡುವುದಿಲ್ಲ. ಗೊಂಬೆಯನ್ನು ಬಾಗಿಲಿಗೆ ತಂದು ಹಗಲ ಬೆಳಕಿಗೆ ಹಿಡಿದೇ ನೋಡಬೇಕು.

ಈಚೆಗೆ ಗಿರಾಕಿಯೊಬ್ಬರು ತಮಗೆ ಬೇಕಾದ ಹಳದಿಯ ಫೋಟೊ ಕಳಿಸಿದರು. ಲೇತಿನ ಪಕ್ಕದ ಮಬ್ಬಿನಲ್ಲಿ ಅದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಚಾಚಾ ಅದನ್ನೇ ನೋಡಿ ಅರಗು ಕಲಸಿ ಒಂದು ಬುಗುರಿಗೆ ಹಚ್ಚಿದರು. ಪದ್ಧತಿ ಬಿಡಲಾದೀತೇ? ಬುಗುರಿಯ ಜೊತೆಗೆ ಲ್ಯಾಪ್‌ಟಾಪನ್ನೂ ಹೊತ್ತು ಬಾಗಿಲಿಗೆ ಬಂದೆ. ನೋಡಿದರೆ ಪರದೆಯಲ್ಲಿ ನಿಂಬೆಹಣ್ಣು, ಕೈಯಲ್ಲಿ ಅರಿಶಿನದ ಕೊಂಬು! ಚಾಚಾ ಬಾಗಿಲಲ್ಲೇ ಪರದೆ ನೋಡಿಕೊಂಡು ಮತ್ತೆ ಬೆರೆಸಿದರು. ಎರಡನ್ನೂ ಒಳಗೆ ಒಯ್ದು ಪಕ್ಕಪಕ್ಕ ಇಟ್ಟರೆ ಅದೂ ತಪ್ಪು.

ಮೂರನೆಯ ಸಲವೂ ಹೀಗಾದಾಗ ನನ್ನ ಅನುಮಾನ ಎದ್ದು ಕೂತಿತು.

“ಚಾಚಾ, ಒಂದ್ಸಲ ಕಣ್ ತೋರಿಸ್ಕೊಂಡ್ ಬಂದ್ಬುಡಿ. ಪೊರೆ ಗಿರೆ ಬಂದೈತೇನೋ.”

ಅವರು ಕೈ ಒರೆಸಿಕೊಂಡು ಎದ್ದು ಹೋದರು. ಬಣ್ಣದವನಿಗೆ ಕಣ್ಣು ಹೋಯಿತು ಎಂದರೆ ಇನ್ನೇನು ಉಳಿಯಿತು? ನನಗೆ ಆ ಕ್ಷಣ ಅದು ಹೊಳೆಯಲೇ ಇಲ್ಲ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದಿದ್ದಾರೆ ಹಿರಿಯರು. ಯಾರನ್ನು ಮೊದಲು ಪ್ರಮಾಣಿಸಬೇಕು ಎಂಬುದನ್ನು ಮಾತ್ರ ಹೇಳಿಲ್ಲ. ಎದುರಿಗೆ ಒಂದು ಯಂತ್ರ, ಒಬ್ಬ ಮುದುಕ ಇದ್ದರೆ ನಮ್ಮ ಅನುಮಾನ ಮುದುಕನ ಕಡೆಗೇ ಹರಿಯುತ್ತದೆ.

ಎರಡು ದಿನದ ಮೇಲೆ ಪರದೆಯ ದೂಳು ಒರೆಸುತ್ತಿದ್ದೆ. ಬಟ್ಟೆ ಮೇಲಂಚಿಗೆ ಹೋದಾಗಲೆಲ್ಲ ಪರದೆ ಮಂಕಾಗುತ್ತಿತ್ತು. ಅಲ್ಲೊಂದು ಸಾಸಿವೆಯಷ್ಟು ಕಣ್ಣು! ಕೋಣೆಯ ಬೆಳಕನ್ನು ಅಳೆದು, ಕತ್ತಲಿದ್ದರೆ ಪರದೆಯನ್ನು ಮಂಕು ಮಾಡುವುದು, ಬೆಳಕಿದ್ದರೆ ಬೆಳಗಿಸುವುದು ಅದರ ಕೆಲಸವಂತೆ. ಅಂದರೆ ನಾನು ಹೋದಲ್ಲೆಲ್ಲ ಆ ಹಳದಿ ಬೇರೆಯಾಗುತ್ತಿತ್ತು, ಚಾಚಾ ಮೂರು ಸಲವೂ ಕಂಡದ್ದನ್ನೇ ಬೆರೆಸಿದ್ದರು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ಸೌಲಭ್ಯವನ್ನು ಬಂದ್ ಮಾಡಿ ಚಾಚಾರ ಮನೆಗೆ ಓಡಿದೆ. ರಾಮನಗರದ ಕಣ್ಣಿನ ಡಾಕ್ಟರು ಅವರನ್ನು ಆಗಲೇ ಪರೀಕ್ಷಿಸಿ, ಏನೂ ತೊಂದರೆಯಿಲ್ಲ ಎಂದು ಕಳಿಸಿದ್ದರು.

“ತಪ್ಪಾಯ್ತು ಚಾಚಾ. ಎಡವಟ್ಟೆಲ್ಲ ಈ ಡಬ್ಬದ್ದು.”

“ಹೋಗ್ಲಿ ಬುಡು ಬೇಟಾ,” ಎಂದು ನಕ್ಕರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ಹೊಸ ಹಳದಿ ಹಚ್ಚಿ, ಬುಗುರಿಯನ್ನು ಬಾಗಿಲಿಗೆ ತಂದು ತಿರುಗಿಸಿ ತಿರುಗಿಸಿ ನೋಡಿದರು. ಇಷ್ಟು ವರ್ಷದಲ್ಲಿ ಬಣ್ಣ ಸರಿಯೇ ಎಂದು ಯಾರನ್ನೂ ಕೇಳದ ಮನುಷ್ಯ ನನ್ನನ್ನು ಕರೆದರು.

“ಒಸಿ ನೋಡು ಬೇಟಾ, ಸರಿಯಾಗೈತಾ?”

“ಅಪ್ಪಟ ಹಳದಿ ಚಾಚಾ,” ಎಂದೆ. ಅವರು ತಲೆಯಾಡಿಸಿದರು. ಆಮೇಲೆ ದಾರಿಯಲ್ಲಿ ಹೋಗುತ್ತಿದ್ದ ಹೂವಿನವಳನ್ನು ನಿಲ್ಲಿಸಿ, ಅವಳನ್ನೂ ಕೇಳಿದರು.