ಬುಧವಾರದ ಮೇಷ್ಟ್ರು

ಅಪರಾಧ ಮತ್ತು ನ್ಯಾಯಾಡಳಿತವೆಂಬ ವಿಷಯವನ್ನು ಕಾಲೇಜಿನಲ್ಲಿ ಕಲಿಸತೊಡಗಿದ ಮೊದಲ ತಲೆಮಾರಿನವರಲ್ಲಿ ಪಠ್ಯಪುಸ್ತಕ ಬರೆದು ಹೆಸರಾದವರಿದ್ದಾರೆ, ಸಮಿತಿಗಳಲ್ಲಿ ಕುಳಿತು ನಿಯಮ ತಿದ್ದಿಸಿದವರಿದ್ದಾರೆ, ದೊಡ್ಡ ಕುರ್ಚಿಗೆ ಏರಿದವರೂ ಇದ್ದಾರೆ. ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರು ಈ ಮೂರು ಸಾಲಿನಲ್ಲಿ ಎಲ್ಲೂ ಕಾಣಿಸಿಕೊಂಡವರಲ್ಲ. ಇಪ್ಪತ್ತೊಂಬತ್ತು ವರ್ಷ ಒಂದೇ ವಿಭಾಗದಲ್ಲಿ, ಒಂದೇ ಕಿಟಕಿಯ ಪಕ್ಕದ ಒಂದೇ ಮೇಜಿನ ಹಿಂದೆ ಕುಳಿತು, "ಈ ಕೋರ್ಸ್ ಓದಿದ್ರೆ ಮುಂದೆ ಏನು ಸಿಗುತ್ತೆ ಸಾರ್?" ಎಂದು ಕೇಳಿದ ನೂರಾರು ತಂದೆತಾಯಿಯರಲ್ಲಿ ಒಬ್ಬರಿಗೂ ಸುಳ್ಳು ಹೇಳದೆ ಉಳಿದವರು ಅವರು. ಈ ಕ್ಷೇತ್ರದಲ್ಲಿ ಅದು ಎಷ್ಟು ಅಪರೂಪವೆಂಬುದನ್ನು ಬಲ್ಲವರೇ ಬಲ್ಲರು.

ಅವರ ಮೇಜಿನ ಎಡಬದಿಯಲ್ಲಿ ಉದ್ದನೆಯ ಒಂದು ದಾಖಲೆ ಪುಸ್ತಕವಿದೆ. ಪದವಿ ಪಡೆದು ಹೋದ ಪ್ರತಿಯೊಬ್ಬರೂ ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ಮೇಷ್ಟ್ರು ಅದರಲ್ಲಿ ವರ್ಷವರ್ಷವೂ ತಿದ್ದಿ ಬರೆಯುತ್ತ ಬಂದಿದ್ದಾರೆ. ಪ್ರವೇಶ ಕೇಳಿ ಬಂದವರ ಮುಂದೆ ಅದನ್ನು ತಿರುಗಿಸಿ ಇಡುತ್ತಿದ್ದರು. "ನೋಡಿ, ಪೊಲೀಸ್‌ಗೆ ಹೋದೋರು ಇಷ್ಟು. ಜೈಲಿಗೆ, ಅಂದ್ರೆ ಕೆಲಸಕ್ಕೆ ಹೋದೋರು ಇಷ್ಟು. ಇವನು ಮಾಲ್‌ನಲ್ಲಿ ಸೆಕ್ಯುರಿಟಿ ಮೇಲ್ವಿಚಾರಕ. ಇವಳು ಟೈಲರಿಂಗ್ ಅಂಗಡಿ ಇಟ್ಟಿದಾಳೆ, ಚೆನ್ನಾಗೇ ಇದಾಳೆ. ಇವನು ಎಲ್ಲಿದಾನೆ ಗೊತ್ತಿಲ್ಲ, ಫೋನ್ ಎತ್ತಲ್ಲ." ಇದನ್ನು ಓದಿ ಅರ್ಧದಷ್ಟು ಜನ ಪಕ್ಕದ ವಾಣಿಜ್ಯ ವಿಭಾಗಕ್ಕೆ ನಡೆದುಬಿಡುತ್ತಿದ್ದರು. ಪ್ರಾಂಶುಪಾಲರು ತಲೆ ಚಚ್ಚಿಕೊಂಡು, "ರೀ, ನಿಮ್ಮ ಅಂಗಡಿಗೆ ನೀವೇ ಷಟರ್ ಎಳೀತೀರಲ್ರೀ" ಎನ್ನುತ್ತಿದ್ದರು. ಮೇಷ್ಟ್ರು ನಕ್ಕು, ಮುಂದೆ ಬಂದವರಿಗೂ ಅದನ್ನೇ ತಿರುಗಿಸಿ ಇಡುತ್ತಿದ್ದರು.

ಮೇಷ್ಟ್ರು ಹುಟ್ಟಾ ಮೇಷ್ಟ್ರಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ, ಈ ವಿಷಯದ ಒಂದು ಪುಟವನ್ನೂ ಓದದೆ, ಸಾಮಾನ್ಯ ಪರೀಕ್ಷೆಯೊಂದನ್ನು ಪಾಸು ಮಾಡಿ ಅವರು ಪ್ರೊಬೇಷನ್ ಅಧಿಕಾರಿಯಾದರು. ತಪ್ಪು ಮಾಡಿದವನನ್ನು ಜೈಲಿಗೆ ಕಳಿಸಬೇಕೋ, ಮನೆಯವರ ಜವಾಬ್ದಾರಿಗೆ ಬಿಡಬಹುದೋ ಎಂದು ನ್ಯಾಯಾಧೀಶರು ಕೇಳಿದಾಗ ಅವನ ಮನೆಗೆ ಹೋಗಿ, ಮನೆಯ ಜನರನ್ನು ನೋಡಿ ವರದಿ ಕೊಡುವುದು ಆ ಹುದ್ದೆಯ ಕೆಲಸ. ಐದು ವರ್ಷ ಅದನ್ನು ಚೆನ್ನಾಗಿಯೇ ಮಾಡಿದರು. ಆರನೆಯ ವರ್ಷ ಒಬ್ಬ ಹುಡುಗನ ಕಡತ ಬಂತು. ಹತ್ತೊಂಬತ್ತು ವರ್ಷದವನು, ಲೇತ್ ಕೆಲಸಗಾರ, ಕಾರ್ಖಾನೆಯಿಂದ ತಾಮ್ರದ ತಂತಿ ಸಾಗಿಸಿ ಸಿಕ್ಕಿಬಿದ್ದವನು. ಅದು ಅವನ ಮೊದಲ ತಪ್ಪು. ವಿಧವೆ ತಾಯಿಯೊಬ್ಬಳನ್ನು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ.

ಮೇಷ್ಟ್ರಿಗೆ ನ್ಯಾಯಾಲಯದ ಕೆಲಸವಿಲ್ಲದ ದಿನ ಬುಧವಾರ. ಒಂದು ಬುಧವಾರ ಆ ಮನೆಗೆ ಹೋದರು, ಬೀಗ. ಮುಂದಿನ ಬುಧವಾರ ಮತ್ತೆ ಹೋದರು, ಮತ್ತೆ ಬೀಗ. ಗಡುವು ಹತ್ತಿರವಾಗಿತ್ತು. "ಎರಡು ಸಲ ಭೇಟಿ ಕೊಟ್ಟಾಗಲೂ ಮನೆಗೆ ಬೀಗ ಹಾಕಿತ್ತು. ಕುಟುಂಬದವರಿಗೆ ಆಸಕ್ತಿ ಇರುವಂತೆ ಕಾಣುವುದಿಲ್ಲ" ಎಂದು ಎರಡು ವಾಕ್ಯ ಬರೆದು ಸಹಿ ಹಾಕಿದರು. ನ್ಯಾಯಾಧೀಶರು ಒಂದೂವರೆ ವರ್ಷದ ಶಿಕ್ಷೆ ವಿಧಿಸಿದರು. ಹನ್ನೊಂದನೆಯ ತಿಂಗಳಲ್ಲಿ ಹುಡುಗ ಜೈಲಿನೊಳಗೇ ಜ್ವರ ಬಂದು ತೀರಿಕೊಂಡ.

ಅದಾಗಿ ಕೆಲವು ದಿನಕ್ಕೆ ಅವನ ತಾಯಿ ಕಚೇರಿಗೆ ಬಂದಳು. ಕೈಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಚೀಟಿಗಳ ಕಟ್ಟು. ಮಗನನ್ನು ಹಿಡಿದೊಯ್ದ ವಾರದಿಂದ ಹಿಡಿದು ಕೊನೆಯ ವಾರದವರೆಗೂ ಜೈಲಿನ ಗೇಟಿನಲ್ಲಿ ಕೊಟ್ಟ ಭೇಟಿ ಚೀಟಿಗಳು ಅವು. ಕೈದಿಗಳನ್ನು ನೋಡಲು ಬಿಡುತ್ತಿದ್ದುದು ಬುಧವಾರ. ಮೇಷ್ಟ್ರು ಅವಳ ಬಾಗಿಲಲ್ಲಿ ನಿಂತು ಬೀಗ ನೋಡುತ್ತಿದ್ದ ಹೊತ್ತಿನಲ್ಲಿ ಅವಳು ಜೈಲಿನ ಬಾಗಿಲಲ್ಲಿ ಮಗನಿಗಾಗಿ ಸಾಲಿನಲ್ಲಿ ನಿಂತಿದ್ದಳು. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಸಾರ್, ನೀವು ಎರಡು ಸಲ ಬಂದಿದ್ರಂತೆ. ಪಕ್ಕದ ಮನೆಯೋರು ಹೇಳಿದ್ರು. ನಾನು ಮನೇಲಿರ್ಬೇಕಿತ್ತು, ತಪ್ಪಾಯ್ತು" ಎಂದಳು.

ಪ್ರತಿವರ್ಷದ ಮೊದಲ ತರಗತಿಯಲ್ಲಿ ಮೇಷ್ಟ್ರು ಹೇಳುತ್ತಿದ್ದುದು ಇದನ್ನೇ. ಮೊದಲು ಒಂದಿಷ್ಟು ನಗಿಸುತ್ತಿದ್ದರು. "ಕಳ್ಳರನ್ನ ಹಿಡಿಯೋಕೆ ಬಂದಿರೋರು ಕೈ ಎತ್ತಿ" ಎಂದಾಗ ಎಲ್ಲರ ಕೈಯೂ ಮೇಲೇಳುತ್ತಿತ್ತು. "ಸರಿ, ನಿಮ್ಮನ್ನೆಲ್ಲ ಇಲ್ಲಿಗೆ ಟೀವಿ ಕಳಿಸಿದೆ. ಇಳಿಸ್ರಪ್ಪ, ಕೈ ನೋಯುತ್ತೆ." ಆಮೇಲೆ ಆ ಎರಡು ವಾಕ್ಯದ ವರದಿಯನ್ನು ಕಪ್ಪು ಹಲಗೆಯ ಮೇಲೆ ತಮ್ಮ ಕೈಯಾರೆ ಬರೆದು, ಕೆಳಗೆ ತಮ್ಮದೇ ಸಹಿ ಹಾಕುತ್ತಿದ್ದರು. ತರಗತಿ ಮುಗಿಯುವವರೆಗೂ ಅದನ್ನು ಅಳಿಸುತ್ತಿರಲಿಲ್ಲ.

ಕೆಲಸ ಬಿಟ್ಟು ಇಪ್ಪತ್ತೆಂಟನೆಯ ವಯಸ್ಸಿಗೆ ಅವರು ಇದೇ ಪದವಿಗೆ ವಿದ್ಯಾರ್ಥಿಯಾಗಿ ಸೇರಿದರು. ಮೊದಲೇ ಓದಿದ್ದರೆ ಬುಧವಾರದ ಸಂಗತಿ ತಿಳಿದಿರುತ್ತಿತ್ತೇ ಎಂಬುದೊಂದೇ ಅವರಿಗೆ ಬೇಕಿದ್ದ ಉತ್ತರ. ಪುಸ್ತಕಗಳಲ್ಲಿ ಎಲ್ಲವೂ ಇತ್ತು, ಅದೊಂದು ಇರಲಿಲ್ಲ. ಹಾಗಾಗಿ ಕಲಿಸಲು ನಿಂತರು. ಬುಧವಾರ ತರಗತಿ ನಡೆಸದೆ ಹುಡುಗರನ್ನು ಜೈಲಿನ ಗೇಟಿನ ಬಳಿಗೆ ಕರೆದೊಯ್ದು, ಕಾಯುವವರ ನಡುವೆ ಕಾಯಲು ನಿಲ್ಲಿಸಿದರು; 'ಬುಧವಾರದ ಮೇಷ್ಟ್ರು' ಎಂಬ ಹೆಸರು ಬಂದದ್ದು ಹೀಗೆ. ಅಲ್ಲಿ ಕೂರಲು ಒಂದು ಬೆಂಚೂ ಇಲ್ಲದ್ದನ್ನು ಕಂಡು ಆರು ವರ್ಷ ಕಾಗದ ಬರೆದು ಎರಡು ಬೆಂಚು, ಒಂದು ತಗಡಿನ ಮಾಡು ಹಾಕಿಸಿದರು. ವಿಭಾಗದ ಪ್ರವೇಶ ಅರ್ಜಿಯಲ್ಲಿ ಬೇರಾವ ವಿಭಾಗದಲ್ಲೂ ಇಲ್ಲದ ಒಂದು ಸಾಲನ್ನು ಸೇರಿಸಿದರು: 'ಮನೆಯಲ್ಲಿ ಹಿರಿಯರು ಯಾವ ದಿನ, ಯಾವ ಹೊತ್ತಿಗೆ ಸಿಗುತ್ತಾರೆ?' ಅದನ್ನು ಮೂರು ಸಲ ಅಳಿಸಿಹಾಕಿದ ಕಚೇರಿ ಅಧೀಕ್ಷಕರು, "ಇದೇನ್ ಮೇಷ್ಟ್ರೇ, ಎಲ್ಲರ ಮನೆಗೂ ಹಾಲು ಹಾಕೋಕೆ ಹೋಗ್ತೀರಾ?" ಎಂದು ಕೇಳಿದ್ದುಂಟು. ಮೇಷ್ಟ್ರು ಮೂರು ಸಲವೂ ಮತ್ತೆ ಸೇರಿಸಿದರು.

ಅವರ ಕೈಯಲ್ಲಿ ಪಳಗಿದವರಲ್ಲಿ, ಇಪ್ಪತ್ತು ವರ್ಷದಿಂದ ಪ್ರೊಬೇಷನ್ ಅಧಿಕಾರಿಯಾಗಿರುವ ಶಿಷ್ಯೆಯೊಬ್ಬಳ ಮಾತನ್ನು ಇಲ್ಲಿ ಹೇಳಲೇಬೇಕು. ಅವಳ ಮೊದಲ ವರದಿಯನ್ನು ನ್ಯಾಯಾಧೀಶರು ತುಂಬಿದ ನ್ಯಾಯಾಲಯದಲ್ಲಿ "ಇದು ವರದಿಯೋ ಕಥೆಯೋ?" ಎಂದು ಹಿಂದಕ್ಕೆ ತಳ್ಳಿದಾಗ, ಮೂರು ಸಂಜೆ ತಮ್ಮ ಮನೆಯ ಊಟದ ಮೇಜಿನ ಮೇಲೆ ಅದನ್ನು ಹರಡಿ, ಹಸಿರು ಶಾಯಿಯಲ್ಲಿ ಸಾಲುಸಾಲಾಗಿ ತಿದ್ದಿಕೊಟ್ಟವರು ಮೇಷ್ಟ್ರು. ಮಗಳಿಗೆ ಏಳು ವರ್ಷವಿದ್ದಾಗ ಆ ಶಿಷ್ಯೆ ಗಂಡನನ್ನು ಕಳೆದುಕೊಂಡಳು. ಸಮಾಧಾನದ ಮಾತುಗಳನ್ನು ಹೊತ್ತು ಬಂದವರು ಬಂದು ಹೋದ ಮೇಲೆ, ಎರಡು ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದವರು ಮೇಷ್ಟ್ರು ಒಬ್ಬರೇ. ಯಾವತ್ತೂ ಹಿಂದಿನ ದಿನ ಫೋನ್ ಮಾಡುತ್ತಿದ್ದರು: "ಆಫೀಸರ್ರೇ, ನಾಳೆ ಎಷ್ಟೊತ್ತಿಗೆ ಮನೇಲಿರ್ತೀಯಮ್ಮ?" ಬಂದು ಕೂತು ಒಂದು ಲೋಟ ನೀರು ಕುಡಿದು, ಮಗುವಿನ ಮಗ್ಗಿ ಕೇಳಿ, ಹೋಗುತ್ತಿದ್ದರು.

ಆ ವರ್ಷಗಳಲ್ಲಿ ಅವಳ ದಿನ ಹೇಗಿತ್ತೆಂಬುದನ್ನು ಈ ಕೆಲಸದಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆ ನ್ಯಾಯಾಲಯ, ಮಧ್ಯಾಹ್ನ ಕಡತ, ಸಂಜೆ ಊರಿನ ಈ ತುದಿಯಿಂದ ಆ ತುದಿಗೆ ಮನೆ ಭೇಟಿ. ಜನ ಮನೆಯಲ್ಲಿ ಸಿಗುವ ಹೊತ್ತಿಗೇ ಹೋಗಬೇಕೆಂಬುದು ಮೇಷ್ಟ್ರ ಪಾಠ. ಅದು ಸಂಜೆ ಏಳರ ಮೇಲೆ, ಭಾನುವಾರದ ಬೆಳಗ್ಗೆ. ಅವಳು ಆ ಪಾಠವನ್ನು ಒಂದು ದಿನವೂ ಮರೆಯಲಿಲ್ಲ. ಅವಳ ವರದಿಗಳಿಂದ ಎಷ್ಟೋ ಹುಡುಗರು ಜೈಲಿಗೆ ಹೋಗದೆ ಮನೆಗೆ ಮರಳಿದರು. ಮನೆಗೆ ಬಂದಾಗ ಮಾತ್ರ ಮಗಳು ಹೋಂವರ್ಕಿನ ಮೇಲೇ ತಲೆಯಿಟ್ಟು ನಿದ್ದೆ ಹೋಗಿರುತ್ತಿದ್ದಳು.

ಹತ್ತೊಂಬತ್ತರ ಹೊಸ್ತಿಲಲ್ಲಿರುವ ಆ ಮಗಳು ಈ ವರ್ಷ, ತಾನೂ ಇದೇ ಪದವಿ ಓದುತ್ತೇನೆಂದು ಹಟ ಹಿಡಿದಳು. ತಾಯಿ, ತಾನು ಸವೆದಂತೆ ಇವಳೂ ಸವೆಯುವುದು ಬೇಡ, ಹೇಗಾದರೂ ಮಾಡಿ ಇದನ್ನು ತಪ್ಪಿಸಬೇಕು ಎಂದು ಮೊದಲೇ ಮೇಷ್ಟ್ರಿಗೆ ಫೋನ್ ಮಾಡಿದಳು. "ಮೇಷ್ಟ್ರೇ, ನಾಳೆ ಕರ್ಕೊಂಡ್ ಬರ್ತೀನಿ. ಬೇಡ ಅಂತ ಹೇಳ್ಬಿಡಿ. ನನ್ನ ಮಾತು ಅವಳಿಗೆ ಗಾಳಿ, ನಿಮ್ಮ ಮಾತು ಕೇಳ್ತಾಳೆ."

"ಬರ್ಲಿ, ನೋಡೋಣ" ಎಂದರು ಮೇಷ್ಟ್ರು.

ಮರುದಿನ ವಿಭಾಗದ ಆ ಕೋಣೆಯಲ್ಲಿ ಕಪಾಟುಗಳು ಅರ್ಧ ಖಾಲಿಯಾಗಿದ್ದವು. ಪುಸ್ತಕಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಕೂತು ಹೊರಡಲು ಸಿದ್ಧವಾಗಿದ್ದವು. ಮೇಷ್ಟ್ರು ದಾಖಲೆ ಪುಸ್ತಕವನ್ನು ತಿರುಗಿಸಿ ಹುಡುಗಿಯ ಮುಂದಿಟ್ಟು, ತಾಯಿ ಕೇಳಿಕೊಂಡಂತೆಯೇ ಎಲ್ಲ ಹೇಳಿದರು. ಕೆಲಸ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೆ ಸಂಜೆ ನಿನ್ನದಲ್ಲ, ಭಾನುವಾರ ನಿನ್ನದಲ್ಲ, ಒಳ್ಳೆಯದಾದರೆ ಯಾರೂ ನೆನೆಯುವುದಿಲ್ಲ, ಕೆಟ್ಟದ್ದಾದರೆ ನೀನೇ ಮರೆಯಲಾರೆ. ಹುಡುಗಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

"ಇಷ್ಟು ಕೇಳಿದ್ ಮೇಲೂ ಬೇಕಾ? ಕಳ್ಳರನ್ನ ಹಿಡಿಯೋಕಾ?"

"ಇಲ್ಲ ತಾತ. ನಿಮ್ಮ ಆ ಬೀಗದ ಮನೆ ಕಥೆ ಅಮ್ಮ ಎಷ್ಟೋ ಸಲ ಹೇಳಿದಾಳೆ. ಯಾವಾಗಲೂ ಬಾಗಿಲ ಹೊರಗೆ ನಿಂತೋರ ಕಥೆ ಅದು. ನನ್ನ ಕತ್ತಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈ ಇರ್ತಿತ್ತು. ಸ್ಕೂಲಿಂದ ಬಂದು ನಾನೇ ತೆಗೀತಿದ್ದೆ. ಒಂದೊಂದ್ ದಿನ ಒಳಗೆ ಹೋಗೋಕೆ ಭಯ ಆಗಿ ಮೆಟ್ಟಿಲ ಮೇಲೇ ಕೂತಿರ್ತಿದ್ದೆ. ಆವಾಗ ಯಾರಾದ್ರೂ ವರದಿ ಬರೆಯೋಕೆ ಬಂದಿದ್ರೆ ನಮ್ಮಮ್ಮನ ಬಗ್ಗೆ ಏನಂತ ಬರೀತಿದ್ರು?"

ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪವಿದ್ದಿದ್ದರೆ ತಾಯಿ ತಡೆದುಕೊಳ್ಳುತ್ತಿದ್ದಳೇನೋ. ಮಗಳು ಮೆಟ್ಟಿಲ ಮೇಲೆ ಕೂತಿರುತ್ತಿದ್ದ ಸಂಗತಿಯನ್ನು ಅವಳು ಕೇಳಿದ್ದು ಅದೇ ಮೊದಲು. ಊರಿನ ಯಾವ ಮನೆಯ ಮೆಟ್ಟಿಲ ಮೇಲೆ ಯಾವ ಮಗು ಕೂತಿದೆಯೆಂದು ಬರೆದುಕೊಂಡು ತಿರುಗಿದವಳು ಅವಳು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಶಿಷ್ಯೆಯ ಕಡೆ ತಿರುಗಿ, "ನಿನ್ನ ಮನೆಗೆ ನಾನು ಯಾವಾಗಲೂ ಫೋನ್ ಮಾಡ್ಕೊಂಡೇ ಬರ್ತಿದ್ದೆ ಕಣಮ್ಮ. ನೀನಿರೋ ಹೊತ್ತು ಕೇಳ್ಕೊಂಡು ಬರ್ತಿದ್ದೆ. ಹನ್ನೊಂದು ವರ್ಷ. ಅದಕ್ಕೇ ಆ ಬೀಗ ನಂಗೆ ಕಾಣ್ಲೇ ಇಲ್ಲ" ಎಂದರು. ಒಂದು ತಪ್ಪು ಮತ್ತೆಂದೂ ಆಗಬಾರದೆಂದು ಬದುಕಿಡೀ ಕಟ್ಟಿಕೊಂಡ ನಿಯಮವೇ ಆ ಮಗುವನ್ನು ಅವರಿಂದ ಮರೆಮಾಡಿತ್ತು.

"ಬೇಡ ಅನ್ನಿ ಮೇಷ್ಟ್ರೇ" ಎಂದಳು ತಾಯಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

"ಹೇಗನ್ಲಮ್ಮ? ನಿಂಗೆ ಗೊತ್ತಿಲ್ಲದ್ದು, ನಂಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿದೆ. ಕೆಲಸ ಸಿಗುತ್ತೆ ಅಂತ ನಾನು ಮಾತು ಕೊಡಲ್ಲ. ಹೋಗ್ಬೇಡ ಅಂತಲೂ ನನ್ನ ಬಾಯಲ್ಲಿ ಬರಲ್ಲ."

ಅರ್ಜಿ ಅಲ್ಲೇ ಇತ್ತು. ಹುಡುಗಿ ತುಂಬುತ್ತ ಬಂದು, ಹಿರಿಯರು ಯಾವ ಹೊತ್ತಿಗೆ ಸಿಗುತ್ತಾರೆಂಬ ಸಾಲಿಗೆ ಬಂದಾಗ ನಿಂತಳು. ತಾಯಿ ಅವಳ ಕೈಯಿಂದ ಪೆನ್ನು ತೆಗೆದುಕೊಂಡಳು. ನೂರಾರು ಮನೆಗಳ ಹೊತ್ತನ್ನು ಬಾಯಿಪಾಠ ಹೇಳಬಲ್ಲವಳಿಗೆ ತನ್ನ ಮನೆಯದು ಹೊಳೆಯಲಿಲ್ಲ. ಕೊನೆಗೆ ಆ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ಪೋಷಕರ ಸಹಿ ಎಂದಿದ್ದಲ್ಲಿ ಸಹಿ ಮಾಡಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಸಾಲು ತುಂಬದ ಒಂದು ಅರ್ಜಿಯನ್ನೂ ಮೇಷ್ಟ್ರು ತೆಗೆದುಕೊಂಡವರಲ್ಲ. ಇದನ್ನು ಮಾತ್ರ ತೆಗೆದುಕೊಂಡು, ಹಸಿರು ಶಾಯಿಯಲ್ಲಿ ತಮ್ಮ ಸಹಿ ಹಾಕಿದರು. ಅವರು ಸೇರಿಸಿಕೊಂಡ ಕೊನೆಯ ವಿದ್ಯಾರ್ಥಿನಿ ಅವಳೇ.

ನಿವೃತ್ತಿಯ ಬಳಿಕವೂ ಬುಧವಾರಗಳಂದು ಮೇಷ್ಟ್ರು ಆ ತಗಡಿನ ಮಾಡಿನ ಕೆಳಗೆ ಕೂತು, ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡಲಿದ್ದಾರೆಂದು ತಿಳಿದಿದೆ. ಆ ಕೆಲಸ ಬಹುಕಾಲ ನಡೆಯಲಿ. ಅವರ ಕಣ್ಣು, ಕೈ, ಹಸಿರು ಶಾಯಿ ಗಟ್ಟಿಯಾಗಿರಲಿ. ದೀರ್ಘವಾದ, ನೆಮ್ಮದಿಯ ಆಯುಷ್ಯ ಅವರದಾಗಲಿ ಎಂದು ಅವರ ಶಿಷ್ಯರಾದ ನಾವೆಲ್ಲರೂ ಹಾರೈಸುತ್ತೇವೆ. ಉಳಿದ ವಾರದ ದಿನಗಳಲ್ಲಿ ನಮ್ಮ ಮನೆಗಳಿಗೂ ಬನ್ನಿ ಮೇಷ್ಟ್ರೇ. ಇನ್ನು ಮುಂದೆ ಫೋನ್ ಮಾಡದೆ ಬನ್ನಿ. ಬಾಗಿಲಿಗೆ ಬೀಗ ಕಂಡರೆ ತಿರುಗಿ ಹೋಗಬೇಡಿ. ಮೆಟ್ಟಿಲ ಮೇಲೆ ಯಾರಾದರೂ ಕೂತಿದ್ದಾರೆಯೇ ನೋಡಿ, ಅವರ ಪಕ್ಕದಲ್ಲಿ ಕೂತು, ನಾವು ಬರುವವರೆಗೆ ಮಗ್ಗಿ ಕೇಳುತ್ತಿರಿ.